ಲೈಬ್ರರಿಗೆ ಟ್ಯಾಬ್ ತಗೊಳ್ಳೋದೋ ಪುಸ್ತಕ ತಗೊಳ್ಳೋದೋ? (ಸರ್ಕಾರಿ ಹೈಸ್ಕೂಲ್, ಶಹಾಪುರ ತಾಲೂಕು)

ಭೀಮಾತೀರದ_ಮಾಸ್ತರ

ಎಲ್ಲಾರಿಗೂ ನಮಸ್ಕಾರ್ರಿ. ನಾನು ಇಲ್ಲೊಂದು ಸರ್ಕಾರಿ ಹೈಸ್ಕೂಲ್‌ನಾಗ ಸಮಾಜ ಹೇಳ್ತೀನಿ, ಲೈಬ್ರರಿ ಚಾರ್ಜೂ ನಂದೇ ಅದ, ಯಾಕಂದ್ರ ಲೈಬ್ರರಿಯನ್ ಪೋಸ್ಟೇ ಇಲ್ಲ, ಯಾರರ ಒಬ್ರ ಕೊಳ್ಳಿಗೆ ಕಟ್ತಾರ. ಈಗ ವಿಷಯ ಏನಂದ್ರ ನಮ್ಮ ಸಾಲ್ಯಾಗ ಕಲ್ತು ಬೆಂಗಳೂರಾಗ ನೌಕರಿ ಮಾಡ್ಲತ್ತ ಹುಡುಗ್ರು ಕೂಡಿ ರೊಕ್ಕ ಹಾಕ್ತೀವಿ, ಡಿಜಿಟಲ್ ಲೈಬ್ರರಿ ಮಾಡ್ರಿ ಸರ್, ಟ್ಯಾಬ್ ಕೊಡಸ್ತೀವಿ ಅನ್ಲತ್ತಾರ. ಹೆಡ್‌ಮಾಸ್ತರಿಗೂ ಅದೇ ಬೇಕು, ಫೋಟೋ ಚಂದ ಬರ್ತದಲ್ಲ.

ನನಗ ಅನುಮಾನ. ಮೊಬೈಲ್ ಸಿಗ್ನಲ್ ಬೇವಿನ ಗಿಡದ ಬುಡಕ ನಿಂತ್ರ ಬರ್ತದ, ಕ್ಲಾಸ್ ಒಳಗ ಇಲ್ಲ. ಮಧ್ಯಾಹ್ನ ಕರೆಂಟ್ ಹೋದ್ರ ಬಂದಾಗ ಬಂತು. ಮೂರು ಅಲ್ಮಾರಿ ಪುಸ್ತಕ ಅವ, ಅದ್ರಾಗ ಒಂದು ಪೂರಾ ಹಳೇ ಸಿಲೆಬಸ್ ಗೈಡ್. ಮತ್ತ ಹತ್ತಿ ಬಿಡಿಸೋ ಟೈಮಿಗೆ ಭಾಳ ಹುಡುಗ್ರು ಹೊಲದಾಗ ಇರ್ತಾರ, ವಾಪಸ್ ಬಂದಾಗ ಪಾಠ ಮುಂದ ಹೋಗಿರ್ತದ, ಅಂಥೋರಿಗೆ ತಾವೇ ಕುಂತು ಓದ್ಕೊಳ್ಳೋವಂಥದ್ದು ಏನರ ಬೇಕು. ನೆಟ್ ಇಲ್ದೆ ಕನ್ನಡದಾಗ ಏನೇನ್ ಸಿಗ್ತದ? ರೊಕ್ಕ ಎಲ್ಲಿ ಹಾಕ್ಲಿ ಹೇಳ್ರಿ.

ಕಲಬುರಗಿ_ಲಿನಕ್ಸ್

ಸರ್ ಟ್ಯಾಬ್ ಬ್ಯಾಡೇ ಬ್ಯಾಡ. ನಮ್ಮ ಕಡಿ ಬಿಸಲಿಗೆ, ಏಪ್ರಿಲ್ ಮೇ ಸೂಟ್ಯಾಗ ಚಾರ್ಜ್ ಇಲ್ದೆ ಕೀಲಿ ಹಾಕಿದ ಖೋಲ್ಯಾಗ ಬಿಟ್ರ ಜೂನ್‌ದಾಗ ತೆಗದಾಗ ಒಂದಿಷ್ಟು ಬ್ಯಾಟರಿ ಸತ್ತಿರ್ತಾವ, ಒಂದಿಷ್ಟು ಉಬ್ಬಿರ್ತಾವ.

ಅದರ ಬದ್ಲಿ ಒಂದು ಹಳೇ ಡೆಸ್ಕ್‌ಟಾಪ್ ಇಲ್ಲಾ ರಾಸ್ಪ್‌ಬೆರಿ ಪೈ ಅನ್ನೋ ಸಣ್ಣ ಕಂಪ್ಯೂಟರ್ ತಗೊಳ್ರಿ, ಒಂದು ಸಾದಾ ವೈಫೈ ರೂಟರ್, ಎರಡಕ್ಕೂ ಸೇರಿ ಸಣ್ಣ ಇನ್ವರ್ಟರ್. ಇಂಟರ್ನೆಟ್ ಬ್ಯಾಡ, ರೂಟರ್ ಬರೇ ಆ ಒಂದು ಮಷಿನ್‌ನ ಲ್ಯಾಬಿನ ಕಂಪ್ಯೂಟರಿಗೆ, ನಿಮ್ಮ ಮೊಬೈಲಿಗೆ ಜೋಡಸ್ತದ ಅಷ್ಟೆ. ಅದರ ಮ್ಯಾಲ ಕಿವಿಕ್ಸ್ ಅನ್ನೋ ಫ್ರೀ ಸಾಫ್ಟ್‌ವೇರ್ ಹಾಕಿದ್ರ ಕನ್ನಡ ವಿಕಿಪೀಡಿಯ ಪೂರಾ ಆಫ್‌ಲೈನ್ ಕುಂದರ್ತದ, 30 ಸಾವಿರಕ್ಕಿಂತ ಹೆಚ್ಚು ಲೇಖನ, ಒಂದು ಪೆನ್‌ಡ್ರೈವ್‌ದಾಗ ಹಿಡಸ್ತದ. ಲೇಖನ ಎಲ್ಲಾ ಒಂದೇ ಕ್ವಾಲಿಟಿ ಅಲ್ಲ, ಕೆಲವು ಎರಡೇ ಸಾಲು ಇರ್ತಾವ, ಅದು ಬ್ಯಾರೆ ಮಾತು. ಕೋಲಿಬ್ರಿ ಅಂತ ಇನ್ನೊಂದು ಫ್ರೀ ಸಾಫ್ಟ್‌ವೇರ್ ಅದ, ನೆಟ್ ಇಲ್ಲದ ಸಾಲಿಗಂತಲೇ ಮಾಡಿದ್ದು, ಅದ್ರಾಗ ನಿಮ್ಮದೇ ವಿಡಿಯೋ, ಪಿಡಿಎಫ್ ಕ್ಲಾಸ್ ಪ್ರಕಾರ ಹಾಕಿ ಇಡಬಹುದು.

ಸರ್ಕಾರದ ಪಾಠದ ಆ್ಯಪ್ ದೀಕ್ಷಾ ನಿಮಗ ಗೊತ್ತೇ ಅದ, 2017ರಿಂದ ಅದ. ಭಾಳ ಮಂದಿ ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಆಗ್ಲಿಲ್ಲ ಅಂತ ಬಿಟ್ಟುಬಿಡ್ತಾರ, ಅದರ ಕೆಳಗ ಆರು ಅಕ್ಷರದ ಕೋಡ್ ಇರ್ತದ, ಟೈಪ್ ಮಾಡಿದ್ರೂ ತೆರಿತದ. ಮನ್ಯಾಗ ನೆಟ್ ಇದ್ದಾಗ ಆ್ಯಪ್ ಒಳಗೇ ಡೌನ್‌ಲೋಡ್ ಮಾಡ್ಕೊಂಡು ಬಂದು ಸಾಲ್ಯಾಗ ತೋರಸ್ರಿ.

ಬೀದರ್_ಟೀಚರಮ್ಮ

ಲಿನಕ್ಸ್ ಅಣ್ಣಾ ಹೇಳಿದ್ದು ಚಂದ ಅದ, ಆದ್ರ ಮಾಸ್ತರೇ, ಮದ್ಲು ಒಂದು ಮಾತು ಹೇಳ್ರಿ: ಆ ಮೂರು ಅಲ್ಮಾರಿ ಚಾವಿ ಯಾರ ಹತ್ರ ಅದ? ಕೊನೀ ಸಲ ಒಂದು ಹುಡುಗಿ ಪುಸ್ತಕ ಮನಿಗಿ ಒಯ್ದಿದ್ದು ಯಾವಾಗ? ನಮ್ಮ ಬೀದರ್‌ದಾಗ ಮಹಮೂದ್ ಗವಾನ್ 1472ರಾಗ ಕಟ್ಟಿಸಿದ ಮದರಸಾದಾಗ ಮೂರು ಸಾವಿರ ಹಸ್ತಪ್ರತಿ ಇದ್ವು ಅಂತ ಬಂದ ನೆಂಟರಿಗೆಲ್ಲಾ ಹೇಳ್ಕೋತ ತಿರಗ್ತೀವಿ, ಸಾಲಿ ಅಲ್ಮಾರಿ ಮಾತ್ರ ಇನ್ಸ್‌ಪೆಕ್ಷನ್ ದಿನ ತೆರಿತೀವಿ.

ಕೀಲಿ ಹಾಕೋದು ಸೋಮಾರಿತನಕ್ಕಲ್ರಿ, ಹೆದರಿಕಿಗಿ. ಚಾರ್ಜ್ ಕೊಡೋ ಹೊತ್ತಿಗಿ ರಿಜಿಸ್ಟರ್‌ದಾಗ ಇದ್ದ ಪುಸ್ತಕ ಅಲ್ಮಾರ್ಯಾಗ ಇಲ್ಲಂದ್ರ ರಿಕವರಿ ನಮ್ಮ ತಲಿ ಮ್ಯಾಲ ಅಂತ. ಕೇಂದ್ರ ಸರ್ಕಾರದ ಹಣಕಾಸು ನಿಯಮ ಜಿಎಫ್‌ಆರ್ 2017ರಾಗ ಚೊಕ್ಕ ಬರದಾರ, ವರ್ಷಕ್ಕ ಕೊಟ್ಟ, ಓದಿದ ಪ್ರತಿ 1000 ಪುಸ್ತಕಕ್ಕ 5 ಕಳದ್ರ ಅದು ಸಹಜ ನಷ್ಟ, ಮೋಸ ನಿರ್ಲಕ್ಷ್ಯ ಇರಬಾರ್ದು ಅಷ್ಟೆ, 1000 ರೂಪಾಯಿ ಮೀರಿದ ಪುಸ್ತಕ, ಅಪರೂಪದ ಪುಸ್ತಕ ಆದ್ರ ಮಾತ್ರ ವಿಚಾರಣೆ ಆಗಬೇಕು. ಅದು ಕೇಂದ್ರದ ನಿಯಮ, ನಮ್ಮ ಸಾಲಿಗಿ ನೇರ ಹತ್ತಂಗಿಲ್ಲ, ಖರೆ. ಆದ್ರ ಇದನ್ನ ಮುಂದಿಟ್ಟು ಎಸ್‌ಡಿಎಂಸಿ (ಸಾಲಿ ಅಭಿವೃದ್ಧಿ ಸಮಿತಿ) ಮೀಟಿಂಗ್‌ದಾಗ ಒಂದು ಠರಾವ್ ಮಾಡಿಸ್ಕೊಳ್ರಿ, ಹರದದ್ದು ಕಳದದ್ದು ವರ್ಷಕ್ಕೊಮ್ಮಿ ಪಟ್ಟಿ ಮಾಡಿ ಸಹಿ ಹಾಕಸ್ರಿ. ಹಳೇ ಗೈಡ್‌ಗಳನ್ನೂ ಹಂಗೇ ರಿಜಿಸ್ಟರ್‌ದಿಂದ ತೆಗಸ್ರಿ, ಜಾಗಾ ಆಗ್ತದ.

ಮತ್ತ ಬ್ಯಾಸಿಗಿ ಸೂಟಿಗಿ ಮುಂಚೆ ಪುಸ್ತಕ ಪೂರಾ ಹುಡುಗ್ರ ಕೈಯಾಗ ಕೊಟ್ಟು ಕಳಸ್ರಿ. ಖೋಲ್ಯಾಗ ಇದ್ರ ಒರ್ಲಿ ತಿಂತದ, ಅವರ ಮನ್ಯಾಗ ಇದ್ರ ಅವರ ತಮ್ಮ ತಂಗಿ ಓದ್ತಾರ.

ಸೇಡಂ_ಗಣಿತ

ಕತಿ ಪುಸ್ತಕ ಎಲ್ಲಾ ಸರಿ ಆದ್ರ ಹತ್ತನೇತ್ತದ ಹುಡುಗ್ರು ಕೇಳೋದು ಒಂದೇ, ಹಳೇ ಪ್ರಶ್ನೆಪತ್ರಿಕೆ. ಪರೀಕ್ಷಾ ಮಂಡಳಿ ವೆಬ್‌ಸೈಟ್‌ದಾಗ ಮಾದರಿ ಪತ್ರಿಕೆ ಫ್ರೀ ಅವ, ಪಠ್ಯಪುಸ್ತಕ ಸಂಘದ್ದು ಪುಸ್ತಕದ ಪಿಡಿಎಫ್ ಅವ. ಒಂದು ಲೇಸರ್ ಪ್ರಿಂಟರ್ ತಗೊಂಡು ವಿಷಯವಾರು ಪ್ರಿಂಟ್ ತೆಗೆದು ಬೈಂಡ್ ಮಾಡಿಸ್ರಿ. ಹೊಲದಿಂದ ಬಂದ ಹುಡುಗ ಒಂದು ಬೈಂಡ್ ಬಗಲಾಗ ಇಟ್ಕೊಂಡು ಹೋಗ್ತಾನ, ಚಾರ್ಜ್ ಬ್ಯಾಡ ಏನ್ ಬ್ಯಾಡ.

ಭೀಮಾತೀರದ_ಮಾಸ್ತರ

ಎಲ್ಲಾರಿಗೂ ಥ್ಯಾಂಕ್ಸ್ ರೀ. ಮೇಡಂ, ಚಾವಿ ನನ್ನ ಹತ್ರಾನೇ ಅದ, ಇನ್ನ ಮ್ಯಾಲ ಶನಿವಾರ ಒಂದು ಪಿರಿಯಡ್ ಅಲ್ಮಾರಿ ತೆಗೀತೀನಿ, ಒಂಬತ್ತನೇತ್ತದ ಇಬ್ರು ಹುಡುಗ್ಯಾರಿಗೆ ರಿಜಿಸ್ಟರ್ ಬರಿಲಿಕ್ಕಿ ಹಚ್ತೀನಿ. ಇನ್ನೊಂದು ಡೌಟ್: ವಾಟ್ಸಾಪ್ ಗ್ರೂಪ್‌ದಾಗ ಕಾದಂಬರಿ ಪಿಡಿಎಫ್ ರಾಶಿ ಬರ್ತಾವಲ್ಲ, ಅವ್ನ ಪ್ರಿಂಟ್ ತೆಗಿಬಹುದೇನು?

ಕಲಬುರಗಿ_ಲಿನಕ್ಸ್

ಬ್ಯಾಡ್ರಿ ಸರ್, ಭಾಳಷ್ಟು ಕದ್ದು ಸ್ಕ್ಯಾನ್ ಮಾಡಿದ್ದು ಇರ್ತಾವ, ಕನ್ನಡ ಪ್ರಕಾಶಕ್ರು ಮದ್ಲೇ ಸೊರಗ್ಯಾರ. ಕಾಯ್ದಾ ಪ್ರಕಾರ ಲೇಖಕ್ರು ತೀರ್ಕೊಂಡ ಮುಂದಿನ ವರ್ಷದಿಂದ 60 ವರ್ಷ ಕಾಪಿರೈಟ್ ಇರ್ತದ. ಪಂಜೆ ಮಂಗೇಶರಾಯರು 1937ರಾಗ ಹೋದ್ರು, ಅವ್ರದು ಧಾರಾಳ ತೆಗೀರಿ. ಆರನೇತ್ತದ ಮಟ್ಟಕ್ಕೂ ಓದ್ಲಿಕ್ಕಿ ಬರದ ಹುಡುಗ್ರು ಎಂಟನೇತ್ತಕ್ಕ ಬರ್ತಾರಲ್ಲ, ಅವರಿಗಿ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಅನ್ನೋ ಫ್ರೀ ಕತಿ ಸೈಟ್ ನೋಡ್ರಿ, ನಾಕು ಹಂತದಾಗ ಕತಿ ಅವ, ಕನ್ನಡ, ಉರ್ದು, ಮರಾಠಿ ಎಲ್ಲಾ ಸಿಗ್ತದ, ಲೈಸೆನ್ಸೇ ಹಂಗ ಅದ, ಬರದೋರ ಹೆಸರು ಹಾಕಿ ಎಷ್ಟರ ಪ್ರಿಂಟ್ ತೆಗೀರಿ.

ಬೀದರ್_ಟೀಚರಮ್ಮ

ಹೂಂ, ಉರ್ದು ಮೀಡಿಯಂ ಹುಡುಗ್ರಿಗೆ ಒಂದೇ ಕತಿ ಎರಡೂ ಭಾಷಾದಾಗ ಬಾಜೂ ಬಾಜೂ ಇಟ್ಟು ಓದಸ್ಲತ್ತೀನಿ, ಕನ್ನಡ ಲಗೂ ಹತ್ತತದ. ವಚನ ಹುಡುಕಲಿಕ್ಕಿ ವಚನ ಸಂಚಯ ಸೈಟೂ ಅದ ನೋಡ್ರಿ, ಭಾಷಣ ಸ್ಪರ್ಧಾಕ್ಕ ಹುಡುಗ್ರು ಬೆನ್ನು ಹತ್ತಿದಾಗ ಭಾಳ ಉಪಯೋಗ.

ಭೀಮಾತೀರದ_ಮಾಸ್ತರ

ಹಂಗಾರ ಪ್ರಿಂಟರ್, ಒಂದು ಮಷಿನ್, ರೂಟರ್, ಉಳಿದದ್ದಕ್ಕ ಪುಸ್ತಕ ಅಂತ ಬೆಂಗಳೂರು ಹುಡುಗ್ರಿಗೆ ಬರದು ಕಳಸ್ತೀನಿ. ಟ್ಯಾಬ್ ಇಲ್ಲಂದ್ರ ಹೆಡ್‌ಮಾಸ್ತರ್ ಮುಖ ಹೆಂಗ್ ಮಾಡ್ತಾರೋ.

ಸೇಡಂ_ಗಣಿತ

ರೂಟರಿಗಿ ರಿಬ್ಬನ್ ಕಟ್ಟಿ ಅವರ ಕೈಲೇ ಉದ್ಘಾಟನೆ ಮಾಡಸ್ರಿ 😄