ಸೀಳುತುಟಿ ಮಗು: ಒಂದು ಗಂಟೆ ಚೀಪಿದ್ರೂ ತೂಕ ಏರ್ತಿಲ್ಲ

ಪ್ರಶ್ನೆ (18 ದಿನದ ಮಗುವಿನ ತಾಯಿ, ಹಾಸನ):
ಮೇಡಂ, ಮಗನಿಗೆ ಎಡಗಡೆ ತುಟಿ ಸೀಳಿದೆ. ಹೆರಿಗೆ ಆದಲ್ಲಿ ‘ತುಟಿ ಮಾತ್ರ, ಅಂಗುಳ ಸರಿಯಿದೆ’ ಅಂದ್ರು. ಹುಟ್ಟಿದಾಗ 2.9 ಕೆಜಿ, ನಿನ್ನೆ 2.85. ಎದೆಗೆ ಹಾಕಿದ್ರೆ ಒಂದು ಗಂಟೆ ಚೀಪ್ತಾನೆ, ಹಣೆ ಬೆವರುತ್ತೆ, ಸುಸ್ತಾಗಿ ಮಲಗ್ತಾನೆ, ಅರ್ಧ ಗಂಟೆಗೆ ಮತ್ತೆ ಅಳು. ಚೀಪುವಾಗ ಟಕ್ ಟಕ್ ಶಬ್ದ, ಮೂಗಲ್ಲೂ ಹಾಲು ಬರುತ್ತೆ. ಅತ್ತೆ ಒಳಲೆಯಲ್ಲಿ (ಮೂತಿಯಿರುವ ಪುಟ್ಟ ಬಟ್ಟಲು) ಹಾಲು ಹಾಕು ಅಂತಿದ್ದಾರೆ. ಹಾಕಬಹುದಾ?

ಉತ್ತರ (ಸೀಳುತುಟಿ ಕ್ಲಿನಿಕ್ ನರ್ಸ್):
ಹಾಕಬಹುದಮ್ಮ. ಆದರೆ ಮೊದಲು ಅಂಗುಳ ಇನ್ನೊಮ್ಮೆ ತೋರಿಸಿ. ತುಟಿ ಮಾತ್ರ ಸೀಳಿದ್ದರೆ ಮೊಲೆಯೇ ಆ ಸಂದನ್ನು ಮುಚ್ಚಿಕೊಳ್ಳುತ್ತೆ, ಹೆಚ್ಚಿನ ಮಕ್ಕಳು ಚೆನ್ನಾಗೇ ಕುಡಿಯುತ್ತವೆ. ಟಕ್ ಟಕ್ ಶಬ್ದ, ಮೂಗಲ್ಲಿ ಹಾಲು, ಗಂಟೆಗಟ್ಟಲೆ ಚೀಪೋದು ಮೂರೂ ಒಟ್ಟಿಗೆ ಇದ್ದರೆ ಬಾಯೊಳಗೆ ಎಳೆತ ಕೂಡ್ತಿಲ್ಲ ಅಂತ ಅನುಮಾನಿಸಬೇಕು. ಹಿಂಭಾಗದ ಮೆತ್ತನೆ ಅಂಗುಳದಲ್ಲಿ ಮಾತ್ರ ಸೀಳಿದ್ದರೆ, ಅಥವಾ ಮೇಲಿನ ಪೊರೆ ಕೂಡಿದ್ದು ಒಳಗಿನ ಸ್ನಾಯು ಕೂಡದಿದ್ದರೆ, ಮೇಲ್ನೋಟಕ್ಕೆ ತಪ್ಪಿಹೋಗುತ್ತೆ. ಅಳುವಾಗ ಟಾರ್ಚ್ ಹಾಕಿ ನೋಡಿ, ಕಿರುನಾಲಿಗೆ ಎರಡಾಗಿದ್ದರೆ ಅದೂ ಸುಳಿವು. ಡಾಕ್ಟರು ಬೆರಳಿಟ್ಟು ಮುಟ್ಟಿ ನೋಡಲಿ.

ಹಾಲು ಕುಡಿಯುವಾಗ ಹಣೆ ಬೆವರೋದನ್ನೂ ಮರೆಯದೆ ಹೇಳಿ, ಹೃದಯವನ್ನೂ ಪರೀಕ್ಷಿಸ್ತಾರೆ. ತೂಕ 14 ದಿನದ ಹೊತ್ತಿಗೆ ಹುಟ್ಟುತೂಕಕ್ಕೆ ವಾಪಸ್ ಬರಬೇಕಿತ್ತು, ಆಮೇಲೆ ದಿನಕ್ಕೆ 20ರಿಂದ 30 ಗ್ರಾಂ ಏರಬೇಕು. ಹಾಗಾಗಿ ಮುಂದಿನ ಲಸಿಕೆವರೆಗೆ ಕಾಯಬೇಡಿ, ನಾಳೆಯೇ ಹೋಗಿ.

ಅಲ್ಲಿಯವರೆಗೆ 10 ನಿಮಿಷ ಎದೆಗೆ ಹಾಕಿ, ಆಮೇಲೆ ಹಿಂಡಿದ ಹಾಲು ಒಳಲೆಯಲ್ಲಿ. ಒಟ್ಟು 30 ನಿಮಿಷ ಮೀರಬಾರದು, ಮೀರಿದರೆ ಕುಡಿದದ್ದೆಲ್ಲ ಚೀಪುವ ಶ್ರಮಕ್ಕೇ ಖರ್ಚು. ಕೆಜಿಗೆ ದಿನಕ್ಕೆ 150 ಮಿಲಿ ಲೆಕ್ಕದಲ್ಲಿ ಅವನಿಗೆ ಸುಮಾರು 430 ಮಿಲಿ ಬೇಕು, 8 ಸಲ ಅಂದರೆ ಸಲಕ್ಕೆ 50–55. ದಿನಕ್ಕೆ 6 ಸಲವಾದರೂ ಉಚ್ಚೆ ಹೋಗ್ತಿದ್ದಾನಾ ಎಣಿಸಿ.

ಒಳಲೆ ಸರಿ, ಅಜ್ಜಿಯಂದಿರು ಹಾಕುವ ರೀತಿ ಬೇಡ. ಚಾಚಿದ ಕಾಲ ಮೇಲೆ ಅಂಗಾತ ಮಲಗಿಸಿ ಸುರಿದರೆ ಹಾಲು ಶ್ವಾಸಕೋಶಕ್ಕೆ ಇಳಿಯಬಹುದು. ಮಗುವನ್ನು ತೊಡೆ ಮೇಲೆ ನೆಟ್ಟಗೆ ಕೂರಿಸಿ, ಕತ್ತಿಗೆ ಕೈ ಆಸರೆ ಕೊಡಿ. ಒಳಲೆ ಮೂತಿಯನ್ನು ಸೀಳಿಲ್ಲದ ಕಡೆಯ ಕಟವಾಯಿಗೆ ಇಟ್ಟು ಸ್ವಲ್ಪ ಬಾಗಿಸಿ, ನುಂಗಿದ ಮೇಲೆ ಮುಂದಿನ ಗುಟುಕು. ಗಾಳಿ ಜಾಸ್ತಿ ನುಂಗುವುದರಿಂದ ಮಧ್ಯೆ ಎರಡು ಮೂರು ಸಲ ತೇಗಿಸಿ. ಒಳಲೆಯನ್ನು ಪ್ರತಿ ಸಲ ತೊಳೆದು ಕುದಿಸಿ.

ಕೆಮ್ಮಿ ನೀಲಿಯಾದರೆ, ಉಸಿರಾಡುವಾಗ ಪಕ್ಕೆ ಒಳಕ್ಕೆ ಎಳೆದರೆ, ಎಬ್ಬಿಸಿದರೂ ಕುಡಿಯದಿದ್ದರೆ ತಕ್ಷಣ ಆಸ್ಪತ್ರೆಗೆ.

ಇನ್ನೊಬ್ಬರು:
ನಮ್ಮದು ಬಾಟಲಿ. ನಿಪ್ಪಲ್ ತೂತನ್ನು ಬಿಸಿ ಸೂಜಿಯಿಂದ ದೊಡ್ಡದು ಮಾಡಬಹುದಾ?

ಉತ್ತರ (ನರ್ಸ್):
ಬೇಡ. ಹಾಲು ಒಂದೇ ಸಮ ಸುರಿದು ಮಗು ಉಸಿರುಗಟ್ಟುತ್ತೆ. ಹಿಂಡಲು ಬರುವ ಮೆತ್ತನೆ ಬಾಟಲಿ ತಗೊಳ್ಳಿ. ಮಗು ಚೀಪಿದಾಗ ಮೆಲ್ಲಗೆ ಹಿಂಡಿ, ನಿಲ್ಲಿಸಿದಾಗ ಬಿಡಿ.

ಮೊದಲ ಪ್ರಶ್ನೆಯವರು:
ನಾಳೆ ಹೋಗ್ತೀವಿ ಮೇಡಂ. ಆಪರೇಷನ್ ಯಾವಾಗ? ಬಸುರಿಯಾಗಿದ್ದಾಗ ಗ್ರಹಣದ ದಿನ ನಾನು ತರಕಾರಿ ಹೆಚ್ಚಿದ್ದಕ್ಕೇ ಹೀಗಾಯ್ತು ಅಂತ ಮನೆಯಲ್ಲಿ ಒಂದೇ ಮಾತು.

ಉತ್ತರ (ಪ್ಲಾಸ್ಟಿಕ್ ಸರ್ಜನ್):
ಆ ಮಾತು ಬಿಡಿ. ತುಟಿ ಕೂಡಿಕೊಳ್ಳುವುದು ಬಸುರಿನ ಮೊದಲ ಎರಡು ತಿಂಗಳೊಳಗೆ, ಚಾಕು ಹಿಡಿದದ್ದಕ್ಕೂ ಅದಕ್ಕೂ ಸಂಬಂಧವಿಲ್ಲ. ತುಟಿಯ ಆಪರೇಷನ್ ಸಾಮಾನ್ಯವಾಗಿ 3ರಿಂದ 6 ತಿಂಗಳಲ್ಲಿ. ಹಳೇ ಲೆಕ್ಕದಲ್ಲಿ ಮಗುವಿಗೆ ಕನಿಷ್ಠ 10 ವಾರ ತುಂಬಿರಬೇಕು, ತೂಕ 10 ಪೌಂಡ್ ಅಂದರೆ ಸುಮಾರು 4.5 ಕೆಜಿ, ರಕ್ತದ ಹಿಮೋಗ್ಲೋಬಿನ್ 10 ಇರಬೇಕು. ಅಂಗುಳವೂ ಸೀಳಿದ್ದರೆ ಅದು ಬೇರೆ ಆಪರೇಷನ್, ಹೆಚ್ಚಾಗಿ 9ರಿಂದ 18 ತಿಂಗಳೊಳಗೆ. ಅಂಥ ಮಕ್ಕಳಿಗೆ ಕಿವಿಯ ಒಳಗೆ ನೀರು ಕಟ್ಟಿಕೊಳ್ಳುವುದು ಜಾಸ್ತಿ, ಶ್ರವಣ ಪರೀಕ್ಷೆ ತಪ್ಪಿಸಬೇಡಿ.

ಖರ್ಚಿನ ಬಗ್ಗೆ ಜಿಲ್ಲಾಸ್ಪತ್ರೆಯಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದವರನ್ನು ಕೇಳಿ, ಸೀಳುತುಟಿ ಅದರ ಪಟ್ಟಿಯಲ್ಲಿದೆ. ಸೀಳುತುಟಿ ಆಪರೇಷನ್‌ಗೆ ನೆರವಾಗುವ ಸ್ಮೈಲ್ ಟ್ರೈನ್ ಸಂಸ್ಥೆಯ ಜೊತೆಗಿರುವ ಆಸ್ಪತ್ರೆಗಳಲ್ಲೂ ಉಚಿತ. ದಿನಾಂಕ ಸಿಕ್ಕ ಮೇಲೆ ಮಗುವಿಗೆ ನೆಗಡಿ, ಜ್ವರ ಬಂದರೆ ಮುಚ್ಚಿಡದೆ ಫೋನ್ ಮಾಡಿ. ಅರಿವಳಿಕೆ ಕೊಡಲು ಆಗಲ್ಲ, ದಿನ ಮುಂದಕ್ಕೆ ಹಾಕ್ತೇವೆ.