ನಾಣ್ಯದ ಅಚ್ಚು ಕೊರೆದವನಿಗೆ ‘ರೂವಾರಿ’ ಅನ್ನಬಹುದಾ?

ಗೆಳೆಯರೇ, ಸಿಸಿಲಿಯ ಸಿರಾಕ್ಯೂಸ್ ಪಟ್ಟಣದ ಹಳೆಯ ಗ್ರೀಕ್ ಬೆಳ್ಳಿ ನಾಣ್ಯಗಳ ಬಗ್ಗೆ ಬರೆಯುತ್ತಿದ್ದೇನೆ. ಒಂದು ಪದ ಸಿಗದೆ ಕೆಲಸ ನಿಂತಿದೆ.

ಕ್ರಿ.ಪೂ. 5ನೇ ಶತಮಾನದ ಕೊನೆಯ ಹೊತ್ತಿಗೆ ಅಲ್ಲಿ ಕಿಮೋನ್, ಎವಾಯ್ನೆಟೋಸ್ ಎಂಬ ಇಬ್ಬರು ಅಚ್ಚು ಕೊರೆಯುತ್ತಿದ್ದರು. ಹತ್ತು ದ್ರಾಖ್ಮೆಯ (ದ್ರಾಖ್ಮೆ ಅಂದರೆ ಗ್ರೀಕರ ಬೆಳ್ಳಿ ನಾಣ್ಯ) ದೊಡ್ಡ ನಾಣ್ಯ, ಸುಮಾರು 43 ಗ್ರಾಂ ತೂಕ. ಒಂದು ಕಡೆ ನಾಲ್ಕು ಕುದುರೆಯ ರಥ, ಇನ್ನೊಂದು ಕಡೆ ಹೆಣ್ಣಿನ ಮುಖ, ಅದರ ಸುತ್ತ ಡಾಲ್ಫಿನ್‌ಗಳು. ಕಿಮೋನ್ ತನ್ನ ಹೆಸರನ್ನು ಕತ್ತಿನ ಕೆಳಗಿನ ಡಾಲ್ಫಿನ್ ಮೈಮೇಲೆ ಬರೆದಿದ್ದಾನೆ! ಅಷ್ಟು ಸಣ್ಣ ಜಾಗದಲ್ಲಿ, ಅದೂ ತಿರುಗುಮುರುಗಾಗಿ ಕೊರೆಯಬೇಕು, ಯಾಕೆಂದರೆ ಅಚ್ಚಿನಲ್ಲಿ ತಗ್ಗಾಗಿರುವುದು ನಾಣ್ಯದಲ್ಲಿ ಉಬ್ಬಾಗುತ್ತದೆ, ಎಡ ಇದ್ದದ್ದು ಬಲ ಆಗುತ್ತದೆ. ಏಷ್ಯಾ ಮೈನರ್‌ನ ಕ್ಲಾಜೊಮೆನಾಯ್‌ನಲ್ಲಿ ಥಿಯೊಡೊಟೋಸ್ ಎಂಬವನು ಬರೀ ಹೆಸರಿಗೆ ನಿಲ್ಲದೆ ‘ಥಿಯೊಡೊಟೋಸ್ ಮಾಡಿದ’ ಅಂತಲೇ ಹಾಕಿಬಿಟ್ಟಿದ್ದಾನೆ.

ಇಂಥವರನ್ನು ಕನ್ನಡದಲ್ಲಿ ಏನೆನ್ನೋಣ? ‘ಶಿಲ್ಪಿ’ ಅಂದರೆ ಕಲ್ಲು ನೆನಪಾಗುತ್ತದೆ. ‘ಅಚ್ಚುಗಾರ’ ಅಂದರೆ ಪ್ರೆಸ್ಸಿನವನು ಅನ್ನಿಸುತ್ತದೆ. ‘ಅಚ್ಚು’ ಅನ್ನುವ ಪದವೇ ನನಗೆ ಸ್ವಲ್ಪ ತೊಡಕು. ಸಂಕ್ರಾಂತಿಯ ಸಕ್ಕರೆ ಅಚ್ಚು ಗೊತ್ತಲ್ವಾ, ಅಲ್ಲಿ ಪಾಕ ಹೊಯ್ಯುತ್ತೇವೆ. ಈ ನಾಣ್ಯ ಹಾಗಲ್ಲ. ಒಂದು ಅಚ್ಚು ಅಡೆಗಲ್ಲಿನಲ್ಲಿ ಕೂತಿರುತ್ತದೆ, ಅದರ ಮೇಲೆ ಬೆಳ್ಳಿಬಿಲ್ಲೆ ಇಟ್ಟು, ಮೇಲಿನ ಅಚ್ಚು ಹಿಡಿದು ಸುತ್ತಿಗೆಯಿಂದ ಹೊಡೆಯುತ್ತಾರೆ. ‘ಎರಕ’ ಅಂತ ಬರೆದರೆ ಪೂರಾ ತಪ್ಪು. ಅದಕ್ಕೆ ‘ಟಂಕಿಸು’ ಸರಿಯಾಗಿದೆ ಅಂತ ಇಟ್ಟುಕೊಂಡಿದ್ದೇನೆ.

ನನಗೆ ಜಾಸ್ತಿ ಇಷ್ಟವಾಗಿರುವುದು ‘ರೂವಾರಿ’. ಹೊಯ್ಸಳರ ಕಾಲದ ಶಿಲ್ಪಿಗಳಿಗೆ ಸಲ್ಲುತ್ತಿದ್ದ ಹೆಸರು ಅದು, ಅವರೂ ಕೆಲಸದ ಕೆಳಗೆ ಹೆಸರು ಹಾಕಿದವರೇ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಸೋಮನಾಥಪುರದಲ್ಲಿ ಮಲ್ಲಿತಮ್ಮ. ಆದರೆ ಇವತ್ತು ಪೇಪರಿನಲ್ಲಿ ‘ಗೆಲುವಿನ ರೂವಾರಿ’, ‘ಯೋಜನೆಯ ರೂವಾರಿ’ ಅಂತ ಓದಿ ಓದಿ, ‘ನಾಣ್ಯದ ರೂವಾರಿ’ ಅಂದರೆ ಆ ನಾಣ್ಯ ಜಾರಿಗೆ ತಂದವನು ಅಂತಲೇ ಜನ ತಿಳಿಯುತ್ತಾರೆ. ‘ಕಮ್ಮಟ’ಕ್ಕೂ ಇದೇ ಆಗಿದೆ. ನಾಣ್ಯ ಹೊಡೆಯುವ ಜಾಗಕ್ಕೆ ನಮ್ಮದೇ ಹಳೆಯ ಪದ ಅದು, ಈಗ ಸಿರಾಕ್ಯೂಸಿನ ಕಮ್ಮಟ ಅಂದರೆ ಅಲ್ಲಿ ಕವಿತೆ ಓದುತ್ತಿದ್ದರು ಅಂದುಕೊಂಡಾರು. ಆದರೂ ಆ ಪದವನ್ನು ನಾನು ಬಿಡುವುದಿಲ್ಲ, ಮೊದಲ ಸಲ ಬಂದಾಗ ಒಂದು ಸಾಲು ವಿವರಿಸಿದರೆ ಆಯಿತು. ನಮ್ಮ ಶಾಸನಗಳಲ್ಲಿ ಬರುವ ‘ದ್ರಮ್ಮ’ ಎಂಬ ನಾಣ್ಯದ ಹೆಸರು ಕೂಡ ಗ್ರೀಕರ ದ್ರಾಖ್ಮೆಯಿಂದಲೇ ಬಂದದ್ದು, ಹಾಗಿರುವಾಗ ಹಳೆಯ ಪದಗಳು ಈ ವಿಷಯಕ್ಕೆ ಹೊರಗಿನವೇನಲ್ಲ.

ಇನ್ನೊಂದು ದಾರಿ ‘ಕಂಡರಿಸು’. ಶಾಸನ ಕೊರೆಯುವುದಕ್ಕೆ ಬಳಸುವ ಪದ. ‘ಅಚ್ಚು ಕಂಡರಿಸಿದವನು’ ಅಂದರೆ ಅರ್ಥ ಕರಾರುವಾಕ್ಕಾಗಿ ಬರುತ್ತದೆ, ಆದರೆ ಪ್ರತಿ ಸಾಲಿನಲ್ಲೂ ಅಷ್ಟು ಉದ್ದ ಬರೆಯುವುದು ಹೇಗೆ?

ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಅಕ್ಕಸಾಲಿಗರ ಕೆಲಸ ಇದ್ದರೆ ದಯವಿಟ್ಟು ತಿಳಿಸಿ. ಚಿನ್ನದ ತಗಡು ಒತ್ತುವ ಅಚ್ಚನ್ನು ಕೊರೆದು ಕೊಡುವವರಿಗೆ ನೀವು ಏನೆಂದು ಕರೆಯುತ್ತೀರಿ?