ಅಮ್ಮ ನಾಯಿಯ ಹತ್ತಿರ ಮಾತಾಡುತ್ತಾರೆ, ಚಿಂತೆ ಮಾಡಬೇಕಾ ಡಾಕ್ಟ್ರೇ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಹತ್ತಿರ ಅಡಿಕೆ ತೋಟದ ಮನೆ. ಕಳೆದ ಮಳೆಗಾಲದಲ್ಲಿ ಅಪ್ಪ ತೀರಿಕೊಂಡರು. ಅಣ್ಣ ಬೆಂಗಳೂರಲ್ಲಿ, ನಾನು ಮಂಗಳೂರಲ್ಲಿ. ಮನೆಯಲ್ಲಿ ಅಮ್ಮ ಒಬ್ಬರೇ, ಜೊತೆಗೆ ಅಪ್ಪ ಸಾಕಿದ ಊರ ನಾಯಿ ಕರಿಯ. ಈಗ ಅಮ್ಮನಿಗೆ ದಿನವಿಡೀ ಅದರ ಹತ್ತಿರವೇ ಮಾತು. "ಕೊಯ್ಲಿನವರು ಇವತ್ತೂ ಬರಲಿಲ್ಲ ನೋಡು", "ಮಗಳ ಫೋನೇ ಇಲ್ಲ" ಅಂತ. ಇದು ತಲೆ ಕೆಡುವ ಲಕ್ಷಣ ಅಂತ ಅಣ್ಣನಿಗೆ ಹೆದರಿಕೆ. ನಾಯಿಯನ್ನು ಯಾರಿಗಾದರೂ ಕೊಟ್ಟು ಅಮ್ಮನನ್ನು ಫ್ಲ್ಯಾಟಿಗೆ ಕರೆದುಕೊಂಡು ಹೋಗುತ್ತೇನೆ ಅನ್ನುತ್ತಾನೆ. ಅಮ್ಮ ಒಪ್ಪುವುದಿಲ್ಲ. ಏನು ಮಾಡುವುದು?

ಉತ್ತರ: ನಮಸ್ಕಾರ. ನಾನು ದನ, ನಾಯಿಗಳ ಡಾಕ್ಟರ್, ಮನುಷ್ಯರ ಮನಸ್ಸಿನ ಡಾಕ್ಟರ್ ಅಲ್ಲ. ಆದರೆ ಈ ಕಡೆಯ ಮನೆಗಳ ಜಗಲಿಯಲ್ಲಿ ಕೂತು ಚಾ ಕುಡಿದಷ್ಟು ಬೇರೆಲ್ಲೂ ಕುಡಿದಿಲ್ಲ. ಅದಕ್ಕೆ ಧೈರ್ಯವಾಗಿ ಹೇಳುತ್ತೇನೆ. ನಾಯಿಯ ಹತ್ತಿರ ಮಾತಾಡುವುದು ಹುಚ್ಚಲ್ಲ. ಹಟ್ಟಿಯಲ್ಲಿ ದನದ ಹತ್ತಿರ ಸುಖದುಃಖ ಹೇಳದ ಹೆಂಗಸರು ನಮ್ಮೂರಲ್ಲಿ ಯಾರಿದ್ದಾರೆ? ನಲವತ್ತು ವರ್ಷ ಒಬ್ಬರ ಹತ್ತಿರ ಹೇಳಿಕೊಂಡು ಬಂದ ಮಾತು ಈಗ ಎಲ್ಲಿಗೆ ಹೋಗಬೇಕು, ಹೇಳಿ.

ನಾಯಿಯಿಂದ ಸಿಗುವ ಸಮಾಧಾನಕ್ಕೆ ದೇಹದೊಳಗೂ ಕಾರಣ ಇದೆ. 2015ರಲ್ಲಿ ಜಪಾನಿನ ಅಜಾಬು ವಿಶ್ವವಿದ್ಯಾಲಯದವರು ಇದನ್ನು ಪರೀಕ್ಷೆ ಮಾಡಿ ತೋರಿಸಿದರು. ಸಾಕಿದವರೂ ನಾಯಿಯೂ ಒಬ್ಬರನ್ನೊಬ್ಬರು ಜಾಸ್ತಿ ಹೊತ್ತು ಕಣ್ಣಲ್ಲಿ ಕಣ್ಣಿಟ್ಟು ನೋಡಿದಾಗ ಇಬ್ಬರಲ್ಲೂ ಆಕ್ಸಿಟೋಸಿನ್ ಹೆಚ್ಚಾಗಿತ್ತು. ತಾಯಿ ಮಗುವಿಗೆ ಹಾಲು ಕೊಡುವಾಗ ಬರುವ ಹಾರ್ಮೋನ್ ಇದೇ. ಮನುಷ್ಯರೇ ಸಾಕಿದ ತೋಳಗಳಲ್ಲಿ ಹಾಗಾಗಲಿಲ್ಲ.

ಆದರೆ ನಾನು ಕಂಡ ಮಟ್ಟಿಗೆ ಹಾರ್ಮೋನಿಗಿಂತ ದೊಡ್ಡದು ಬೇರೆ ಇದೆ. ಅದು ಕೆಲಸ. ಒಂಟಿಯಾದವರು ಮೊದಲು ಬಿಡುವುದು ಅಡಿಗೆ. "ನನಗೊಬ್ಬಳಿಗೆ ಏನು ಬೇಯಿಸುವುದು" ಅಂತ ನಿನ್ನೆಯ ಗಂಜಿಗೆ ಉಪ್ಪಿನಕಾಯಿ ಹಾಕಿಕೊಂಡು ಮುಗಿಸುತ್ತಾರೆ. ನಾಯಿ ಇದ್ದರೆ ಹಾಗೆ ಬಿಡಲು ಆಗುವುದಿಲ್ಲ. ಬೆಳಿಗ್ಗೆ ಹೊಸ್ತಿಲ ಮೇಲೆ ಗಲ್ಲ ಊರಿ, ಒಳಗೆ ಕಾಲಿಡದೆ, ಕಣ್ಣು ಮಾತ್ರ ಅಡಿಗೆಮನೆ ಕಡೆ ತಿರುಗಿಸಿಕೊಂಡು ಮಲಗಿರುತ್ತದಲ್ಲ, ಅದಕ್ಕಾಗಿ ಎದ್ದು ಒಲೆ ಹಚ್ಚಲೇಬೇಕು. ಅದಕ್ಕೆ ಬೇಯಿಸಿದವರು ತಾವೂ ಒಂದು ತುತ್ತು ತಿನ್ನುತ್ತಾರೆ. "ಹೇಗಿದ್ದೀರಿ" ಅಂತ ಕೇಳಿ ಹೋಗುವವರು ಬಹಳ ಜನ. "ನನಗೆ ಹಸಿವಾಗುತ್ತಿದೆ, ನೀನು ಬೇಕು" ಅನ್ನುವುದು ಅದೊಂದೇ.

ಇನ್ನು ಅಣ್ಣನ ಮಾತು. ಈಗಲೇ ನಾಯಿಯನ್ನು ಕೊಟ್ಟು ಮನೆಯನ್ನೂ ಬಿಡಿಸಿದರೆ ಅಮ್ಮನಿಗೆ ಒಂದರ ಹಿಂದೆ ಒಂದು ಮೂರು ನಷ್ಟ. ಅವಸರ ಬೇಡ. ಕರಿಯನನ್ನು ಫ್ಲ್ಯಾಟಿಗೆ ತರುವುದೂ ನನಗೆ ಒಪ್ಪಿಗೆಯಿಲ್ಲ. ತೋಟವಿಡೀ ತಿರುಗಿದ ನಾಯಿಗೆ ನಾಲ್ಕನೇ ಮಾಳಿಗೆಯ ಬಾಲ್ಕನಿ ಜೈಲೇ ಸರಿ.

ಹಾಗಂತ "ನಾಯಿ ಇದೆಯಲ್ಲ" ಅಂತ ನೀವಿಬ್ಬರೂ ಸುಮ್ನೆ ಕೂರಬೇಡಿ. ಮಕ್ಕಳ ಫೋನಿಗೆ ನಾಯಿ ಬದಲಿಯಲ್ಲ. ಅಮ್ಮ ಇಳಿದು ಹೋಗುತ್ತಿದ್ದಾರಾ, ರಾತ್ರಿ ನಿದ್ದೆ ಇಲ್ಲವಾ, ಮಾತ್ರೆ ಮರೆಯುತ್ತಾರಾ, ಗ್ಯಾಸ್ ಆರಿಸಲು ನೆನಪಾಗುವುದಿಲ್ಲವಾ, ಅಪ್ಪ ತೋಟದಲ್ಲಿದ್ದಾರೆ ಅಂತ ನಿಜವಾಗಿಯೇ ನಂಬುತ್ತಾರಾ ಅಂತ ಬಂದು, ಎರಡು ದಿನ ನಿಂತು ನೋಡಿ. ಇದ್ದರೆ ಪಂಚಾಯತಿನ ಕುಟುಂಬಾರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ ತೋರಿಸಿ. ಅದು ಕರಿಯನ ಕೈಯಲ್ಲಿ ಆಗುವ ಕೆಲಸವಲ್ಲ.

ಕರಿಯನ ಕಡೆಯೂ ಸ್ವಲ್ಪ ನೋಡಿ. ರೇಬಿಸ್ ಚುಚ್ಚುಮದ್ದು ವರ್ಷಕ್ಕೊಮ್ಮೆ ಆಗಲೇಬೇಕು. ಆ ಸರ್ಟಿಫಿಕೇಟ್ ಇದ್ದರೆ ಪಂಚಾಯತಿನ ಲೈಸನ್ಸ್ ಮಾಡಿಸಿ, ಕೇರಳದಲ್ಲಿ ಅದು ಕಡ್ಡಾಯ. ಮಳೆಗಾಲಕ್ಕೆ ಮೊದಲು ಇಲಿಜ್ವರದ ಲಸಿಕೆ ಕೇಳಿ. ಉಣುಗು ಹಿಡಿದಿದೆಯಾ ಅಂತ ಕಿವಿಯ ಒಳಗೆ, ಬೆರಳ ಸಂದಿಯಲ್ಲಿ ನೋಡಲು ಅಮ್ಮನಿಗೇ ಹೇಳಿ. ತೋಟಕ್ಕೆ ಮೈಲುತುತ್ತಿನ ಮದ್ದು ಬಿಡುವ ದಿನ ಕಟ್ಟಿಹಾಕಿ, ಬಕೆಟ್ ನೆಕ್ಕಲು ಬಿಡಬೇಡಿ.

ಇನ್ನೊಬ್ಬರು: ಡಾಕ್ಟ್ರೇ, ಹಾಗಾದರೆ ಒಬ್ಬರೇ ಇರುವ ನಮ್ಮ ಮಾವನಿಗೆ ಒಂದು ಲ್ಯಾಬ್ರಡಾರ್ ಮರಿ ತಂದುಕೊಡಲಾ? ಎಪ್ಪತ್ತೆರಡು ವರ್ಷ. ನಾಯಿ ಇದ್ದವರು ಜಾಸ್ತಿ ದಿನ ಬದುಕುತ್ತಾರೆ ಅಂತ ಎಲ್ಲೋ ಓದಿದೆ.

ಉತ್ತರ: ನೀವು ಓದಿದ್ದು ಬಹುಶಃ ಸ್ವೀಡನ್ನಿನ ಅಧ್ಯಯನ. 2017ರಲ್ಲಿ ಬಂತು, ಸುಮಾರು 34 ಲಕ್ಷ ಜನರ ದಾಖಲೆ ನೋಡಿ ಮಾಡಿದ್ದು. ಒಂಟಿಯಾಗಿ ಬದುಕುವವರಲ್ಲಿ ನಾಯಿ ಇದ್ದವರಿಗೆ ಆ ಅವಧಿಯಲ್ಲಿ ಸಾವಿನ ಅಪಾಯ 33 ಶೇಕಡ ಕಡಿಮೆ ಕಂಡಿತ್ತು. ಆದರೆ ಮೊದಲೇ ಗಟ್ಟಿಯಾಗಿದ್ದವರೇ ನಾಯಿ ಸಾಕಿರಬಹುದು ಅಲ್ವಾ? ಅದರಿಂದ ನಾಯಿಯೇ ಆಯುಸ್ಸು ಕೊಟ್ಟಿತು ಅನ್ನಲಾಗದು.

ಮೊದಲು ಮಾವನನ್ನು ಕೇಳಿದ್ದೀರಾ? ಕೇಳದೆ ಕೊಟ್ಟ ನಾಯಿ ಬರೀ ಹೊರೆ. ಲ್ಯಾಬ್ ಮರಿ ವರ್ಷದೊಳಗೆ ಇಪ್ಪತ್ತೈದು ಕಿಲೋ ದಾಟುತ್ತದೆ. ಜಾರುವ ಅಂಗಳದಲ್ಲಿ ಒಮ್ಮೆ ಎಳೆದರೆ ಸೊಂಟದ ಮೂಳೆ ಹೋಯಿತು. ಅವರಿಗೆ ಇಷ್ಟ ಇದ್ದರೆ ಮೂರ್ನಾಲ್ಕು ವರ್ಷದ, ಸ್ವಭಾವ ಗೊತ್ತಿರುವ ಊರ ನಾಯಿಯೇ ಸಾಕು. ಮಾವನಿಗೆ ಆಸ್ಪತ್ರೆ ಅಂತ ಬಂದರೆ ಯಾರು ನೋಡಿಕೊಳ್ಳುವುದು ಅಂತ ಮೊದಲೇ ನೆರೆಮನೆಯವರ ಹತ್ತಿರ ಮಾತಾಡಿಡಿ.

ಪ್ರಶ್ನೆ ಕೇಳಿದವರು: ತುಂಬಾ ಉಪಕಾರ ಡಾಕ್ಟ್ರೇ. ಅಣ್ಣನಿಗೆ ಕಳಿಸಿದೆ. ಇನ್ನೊಂದು ಸಂಶಯ. ಕರಿಯ ರಾತ್ರಿ ಜಗಲಿಯಲ್ಲೇ ಮಲಗುವುದು. ಮುಳ್ಳೇರಿಯ, ಕಾರಡ್ಕ ಕಡೆಯ ಚಿರತೆ ಸುದ್ದಿ ಕೇಳಿ ಅಮ್ಮನಿಗೆ ನಿದ್ದೆಯಿಲ್ಲ. ಮಡಿ ನೋಡುವ ಮನೆ, ಒಳಗೆ ಬಿಡುವುದಿಲ್ಲ.

ಉತ್ತರ: ಜಗಲಿಯಲ್ಲಿ ಬೇಡವೇ ಬೇಡ. ಸಂಕೋಲೆಯಲ್ಲಿ ಕಟ್ಟಿದ ನಾಯಿಯಂತೂ ಚಿರತೆಗೆ ಸಿದ್ಧ ಊಟ. ಹಟ್ಟಿಯ ಪಕ್ಕದ ಸೌದೆ ಕೋಣೆಗೆ ಬಾಗಿಲು, ಚಿಲಕ ಇದ್ದರೆ ಅಲ್ಲೇ ಒಂದು ಗೋಣಿ ಹಾಸಿ. ಕತ್ತಲಾಗುವ ಮೊದಲೇ ಒಳಗೆ ಹಾಕಿ ಬಾಗಿಲು ಮುಚ್ಚಿ. ಮೊದಲೆರಡು ರಾತ್ರಿ ಕೂಗುತ್ತಾನೆ, ಅಮ್ಮ ಕರಗಿ ಬಾಗಿಲು ತೆಗೆಯಬಾರದು ಅಷ್ಟೇ.